ಕಿಂಗ್ ಬರೆದ ಅಪ್ಪ, ಕುಬ್ರಿಕ್ ತೋರಿಸಿದ ಅಪ್ಪ: ‘ದಿ ಶೈನಿಂಗ್’ ಬಗ್ಗೆ ನೀವೇನಂತೀರಿ?

ಹಳೇಪುಟ:
ಕತೆಯ ಕೊನೆಯೆಲ್ಲ ಇಲ್ಲಿ ಬಯಲಾಗುತ್ತೆ. ಓದದವರು, ನೋಡದವರು ಈಗಲೇ ಹೊರಟುಬಿಡಿ.

ನನ್ನ ತಕರಾರು ಇಷ್ಟೇ. ಸ್ಟೀಫನ್ ಕಿಂಗ್ 1977ರಲ್ಲಿ ಬರೆದ ಕಾದಂಬರಿ ನಾನೂರು ಚಿಲ್ಲರೆ ಪುಟದ್ದು. ದೆವ್ವ ಸರಿಯಾಗಿ ಮೈ ತೋರಿಸೋ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಪುಸ್ತಕ ಮುಗಿದಿರುತ್ತೆ. ಅಲ್ಲೀವರೆಗೆ ಕಿಂಗ್ ಮಾಡೋದು ಒಂದೇ ಕೆಲಸ, ಜ್ಯಾಕ್ ಟಾರೆನ್ಸ್ ಅನ್ನೋ ಮನುಷ್ಯನನ್ನ ನಮ್ಮ ಪಕ್ಕದಲ್ಲಿ ತಂದು ಕೂರಿಸೋದು. ಕುಡಿತ ಬಿಟ್ಟವನು. ಕುಡಿಯುತ್ತಿದ್ದ ಕಾಲದಲ್ಲಿ ಸಿಟ್ಟು ನೆತ್ತಿಗೇರಿ ಪುಟ್ಟ ಮಗನ ಕೈ ಮುರಿದವನು. ತನ್ನ ಕಾರಿನ ಟೈರು ಕುಯ್ದ ವಿದ್ಯಾರ್ಥಿಗೆ ಹೊಡೆದು ಮೇಷ್ಟ್ರ ಕೆಲಸ ಕಳಕೊಂಡವನು. ಜೊತೆಗೆ ಕುಡೀತಿದ್ದ ಹಳೇ ಗೆಳೆಯನ ಶಿಫಾರಸಿನಿಂದ, ಚಳಿಗಾಲ ಪೂರ್ತಿ ಮುಚ್ಚಿರೋ ಓವರ್‌ಲುಕ್ ಹೋಟೆಲ್ ಕಾಯೋ ಕೆಲಸ ಸಿಕ್ಕಿದೆ. ಇದೂ ಕೈತಪ್ಪಿದರೆ ಮುಂದೆ ದಾರಿಯಿಲ್ಲ. ಅವನಪ್ಪನೂ ಕುಡುಕನೇ, ಊಟಕ್ಕೆ ಕೂತಲ್ಲೇ ಹೆಂಡತಿಗೆ ಕೋಲಿಂದ ಬಾರಿಸಿದವನು. ಇಷ್ಟೆಲ್ಲ ಗೊತ್ತಾದ ಮೇಲೆ ಜ್ಯಾಕ್ ಕುಸಿಯೋವಾಗ ನಮ್ಮ ಹೊಟ್ಟೇಲೂ ಸಂಕಟ ಆಗುತ್ತೆ.

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ 1980ರ ಸಿನಿಮಾದಲ್ಲಿ ಇದರಲ್ಲಿ ಮುಕ್ಕಾಲು ಪಾಲು ಇಲ್ಲ. ಕೆಲಸದ ಸಂದರ್ಶನಕ್ಕೆ ಕೂತಾಗಲೇ ಜ್ಯಾಕ್ ಪಾತ್ರ ಮಾಡಿದ ನಿಕೋಲ್ಸನ್ ಹುಬ್ಬು ನೋಡಿದರೆ ಸಾಕು, ಆಸಾಮಿ ಸರಿಯಿಲ್ಲ ಅಂತ ಗೊತ್ತಾಗುತ್ತೆ. ಹೋಟೆಲಿಗೆ ಕಾರಲ್ಲಿ ಹೋಗೋವಾಗ ಹೆಂಡತಿ, ಮಗನ ಜೊತೆ ಮಾತಾಡೋ ಧಾಟಿ ಕೇಳಿ, ಆಗಲೇ ಅವರು ಅವನಿಗೆ ಬೇಡವಾಗಿದ್ದಾರೆ. ಮೊದಲೇ ಬಿದ್ದಿರೋನು ಮತ್ತೆಲ್ಲಿಗೆ ಬೀಳ್ತಾನೆ? ಕಿಂಗ್‌ಗೆ ಈ ಸಿನಿಮಾ ಹಿಡಿಸಲಿಲ್ಲ ಅನ್ನೋದು ಲೋಕಕ್ಕೇ ಗೊತ್ತು. ನೋಡೋಕೆ ಭರ್ಜರಿ ಕಾರು, ಒಳಗೆ ಎಂಜಿನ್ನೇ ಇಲ್ಲ ಅನ್ನೋ ಅರ್ಥದಲ್ಲಿ ಅವರು ಹೇಳಿದ್ದರಲ್ಲಿ ನನಗೆ ಅತಿಶಯ ಕಾಣಲ್ಲ. ಸಿನಿಮಾ ಕೆಟ್ಟದ್ದು ಅಂತಲ್ಲ. ನಡುಕ ಹುಟ್ಟಿಸುತ್ತೆ. ಆದರೆ ಕರುಳಿಗೆ ತಾಗಲ್ಲ.

ಮುಂಗೋಪಿ:
ಗುರು, ಹೆದರಿಸೋ ಸಿನಿಮಾ ನೋಡಿ ಕರುಳಿಗೆ ತಾಗಲಿಲ್ಲ ಅಂದ್ರೆ ಹೆಂಗೆ! ಪುಸ್ತಕದಲ್ಲಿ ಗಿಡ ಕತ್ತರಿಸಿ ಮಾಡಿದ ಸಿಂಹ, ನಾಯಿ, ಮೊಲ ಎಲ್ಲ ಜೀವ ಬಂದು ಅಟ್ಟಿಸ್ಕೊಂಡು ಬರ್ತವೆ. ಓದೋವಾಗ ಸರಿ. ಅದನ್ನೇ 1980ರ ತಾಂತ್ರಿಕತೇಲಿ ತೆರೆ ಮೇಲೆ ತಂದಿದ್ರೆ ಜನ ಬಿದ್ದು ಬಿದ್ದು ನಗ್ತಿದ್ರು. ಕುಬ್ರಿಕ್ ಅದನ್ನ ಕಿತ್ತಾಕಿ ಆ ಜಾಗದಲ್ಲಿ ಗಿಡಗೋಡೆಯ ಚಕ್ರವ್ಯೂಹ ನಿಲ್ಲಿಸಿದ. ಅದೊಂದಕ್ಕೇ ನೂರಕ್ಕೆ ನೂರು ಕೊಡ್ತೀನಿ.

ರೀಲುಗಣ್ಣು:
ಹಳೇಪುಟ ಅವರೇ, ಪುಸ್ತಕದ ಬಗ್ಗೆ ನೀವು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಆದರೆ ಕಾದಂಬರಿ ಜ್ಯಾಕ್‌ನ ತಲೆಯೊಳಗೇ ಕೂತು ಮಾತಾಡಬಲ್ಲುದು. ಕಿಂಗ್ ವಾಕ್ಯದ ನಡುವೆ ಕಂಸ ಹಾಕಿ, ತುಂಡು ತುಂಡಾದ ಯೋಚನೆಗಳನ್ನು ಹಾಗೇ ಸುರಿಯುತ್ತಾರೆ. ಕ್ಯಾಮರಾಕ್ಕೆ ಆ ಸೌಕರ್ಯವಿಲ್ಲ. ಕುಬ್ರಿಕ್ ಮತ್ತು ಅವರ ಜೊತೆ ಚಿತ್ರಕಥೆ ಬರೆದ ಕಾದಂಬರಿಕಾರ್ತಿ ಡಯೇನ್ ಜಾನ್ಸನ್, ತಲೆಯೊಳಗಿನ ಗೊಂದಲವನ್ನೆಲ್ಲ ಕಟ್ಟಡದ ಮೇಲೆ ಹೊರಿಸಿದರು. ಉದ್ದನೆಯ ಓಣಿಗಳು, ಒಂದೇ ಚಿತ್ತಾರ ಮತ್ತೆ ಮತ್ತೆ ಬರುವ ರತ್ನಗಂಬಳಿ, ಮನೆಯವರು ಮೂರೇ ಜನ ಇರುವಲ್ಲಿ ನೂರಾರು ಜನಕ್ಕಾಗುವ ಹಜಾರ.

ಇನ್ನೊಂದು ಮಾತು. ಇದನ್ನು ನಾವೆಲ್ಲ ಕತ್ತಲ ಸಿನಿಮಾ ಅನ್ನುತ್ತೇವೆ, ಆದರೆ ಇದರಲ್ಲಿ ಕತ್ತಲೆಯೇ ಕಡಿಮೆ! ದೀಪಗಳು ಝಗಝಗ ಉರಿಯುತ್ತಿರುತ್ತವೆ. ದೊಡ್ಡ ಕಿಟಕಿಗಳಿಂದ ಬೆಳಕು ಸುರಿಯುತ್ತಿರುತ್ತದೆ. ದೆವ್ವವಾಗಿ ಬರುವ ಅವಳಿ ಹುಡುಗಿಯರು ನಿಂತದ್ದೂ ಬೆಳಕಿರುವ ಓಣಿಯಲ್ಲೇ. ಮೂಲೆಯಲ್ಲಿ ಏನೋ ಅಡಗಿದೆ ಎಂಬ ಭಯ ಅಲ್ಲ ಇಲ್ಲಿರುವುದು. ಎಲ್ಲ ಕಣ್ಣೆದುರಿಗೇ ಇದೆ, ಆದರೂ ಯಾರೂ ಏನೂ ಮಾಡಲಾರರು. ಅಂಥ ಭಯ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ನಡೆಯುತ್ತಾ ಚಿತ್ರೀಕರಿಸಿದರೂ ಕ್ಯಾಮರಾ ಅಲುಗದಂತೆ ಹಿಡಿಯುವ ಸ್ಟೆಡಿಕ್ಯಾಮ್ ಆಗಿನ್ನೂ ಹೊಸ ಸಲಕರಣೆ. ಅದನ್ನು ರೂಪಿಸಿದ ಗ್ಯಾರೆಟ್ ಬ್ರೌನ್ ತಾವೇ ಬಂದು ಈ ಸಿನಿಮಾಕ್ಕೆ ಕೆಲಸ ಮಾಡಿದರು. ಜ್ಯಾಕ್ ಮಗ ಡ್ಯಾನಿ ಮೂರು ಗಾಲಿ ಸೈಕಲ್ ತುಳಿಯುವಾಗ ಕ್ಯಾಮರಾ ನೆಲದಿಂದ ಗೇಣೆತ್ತರದಲ್ಲಿ ಅವನ ಬೆನ್ನಿಗೇ ಹೋಗುತ್ತದೆ. ಹಿಂದಿನಿಂದ ನೋಡುತ್ತಿರುವವರು ಯಾರು? ಸಿನಿಮಾ ಕೊನೆಯವರೆಗೂ ಹೇಳುವುದಿಲ್ಲ.

ಕಿವಿಗೊಟ್ಟವ:
ಸೈಕಲ್ ವಿಷಯ ಬಂತಲ್ಲ, ಅದರ ಸದ್ದು ಮಾತ್ರ ಕೇಳಿಸಿಕೊಳ್ಳಿ. ಮರದ ಹಲಗೆ ಮೇಲೆ ಗಡಗಡ, ಗಂಬಳಿ ಮೇಲೆ ಹೋದ ಕೂಡಲೇ ನಿಶ್ಶಬ್ದ, ಮತ್ತೆ ಗಡಗಡ. ಇಷ್ಟೇ. ಸಂಗೀತವೂ ಇಲ್ಲ, ದೆವ್ವವೂ ಇಲ್ಲ, ಆದರೆ ಮುಂದಿನ ತಿರುವು ಬರೋ ಹೊತ್ತಿಗೆ ನಮ್ಮ ಉಸಿರು ಗಂಟಲಲ್ಲಿರುತ್ತೆ. ಇದು ನಾಲ್ಕು ಸಾವಿರ ಪುಟ ಬರೆದರೂ ಕಾದಂಬರಿಗೆ ದಕ್ಕೋ ಸಂಗತಿಯಲ್ಲ.

ಶುರುವಿನ ಸಂಗೀತ ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಅವರದು, ಸಾವಿನ ಪ್ರಾರ್ಥನೆಯಲ್ಲಿ ಹಾಡುವ ಹಳೇ ಲ್ಯಾಟಿನ್ ರಾಗವನ್ನ ಸಿಂಥಸೈಜರ್‌ನಲ್ಲಿ ಎಳೆದಿದ್ದಾರೆ. ಬೆಟ್ಟದ ರಸ್ತೇಲಿ ಸಣ್ಣ ಕಾರೊಂದು ಹೋಗ್ತಾ ಇದೆ, ಮೇಲಿಂದ ಈ ರಾಗ. ಕತೆ ಶುರುವಾಗೋಕೆ ಮುಂಚೆಯೇ ತೀರ್ಪು ಬಂದಂಗೆ. ಆಮೇಲೆ ಬಾರ್ಟೋಕ್, ಲಿಗೆಟಿ, ಪೆಂಡೆರೆಟ್ಸ್ಕಿ ಅನ್ನೋ ಸಂಗೀತಗಾರರ ರಚನೆಗಳು. ಸಿನಿಮಾಕ್ಕಂತ ಬರೆದದ್ದಲ್ಲ ಅವು, ಆದರೂ ಅಳತೆ ಕೊಟ್ಟು ಹೊಲಿಸಿದಂಗೆ ಕೂತಿವೆ.

ಹಳೇಪುಟ:
ಬೆಳಕು, ಸದ್ದು, ಓಣಿ ಎಲ್ಲ ಒಪ್ಪಿದೆ. ನೀವೆಲ್ಲ ಹೋಟೆಲನ್ನ ಹೊಗಳ್ತಾ ಇದ್ದೀರಿ. ನಾನು ಕೇಳಿದ್ದು ಮನುಷ್ಯನ ಬಗ್ಗೆ. ಪುಸ್ತಕದಲ್ಲಿ ಒಂದು ಪ್ರಸಂಗ ಇದೆ. ಛಾವಣಿ ರಿಪೇರಿ ಮಾಡೋವಾಗ ಜ್ಯಾಕ್‌ಗೆ ಕಣಜದ ಗೂಡು ಸಿಗುತ್ತೆ. ಹೊಗೆ ಹಾಕಿ ಹುಳ ಎಲ್ಲ ಸಾಯಿಸಿ, ಖಾಲಿ ಗೂಡನ್ನ ಮಗನಿಗೆ ಅಕ್ಕರೆಯಿಂದ ಕೊಡ್ತಾನೆ. ರಾತ್ರಿ ಅದೇ ಗೂಡಿಂದ ಕಣಜ ಎದ್ದು ಮಗುವಿನ ಕೈ ಕಚ್ಚುತ್ತವೆ. ಅವನು ಪ್ರೀತಿಯಿಂದ ಕೊಟ್ಟದ್ದೂ ಕೊನೆಗೆ ನೋವೇ ಆಗುತ್ತೆ. ಆ ಒಂದು ಅಧ್ಯಾಯದಲ್ಲಿ ಇಡೀ ಕತೆ ಇದೆ. ಕುಬ್ರಿಕ್ ಅದನ್ನ ಮುಟ್ಟಲೇ ಇಲ್ಲ, ಯಾಕಂದ್ರೆ ಅವರ ಜ್ಯಾಕ್‌ಗೆ ಕೊಡೋಕೆ ಅಕ್ಕರೆಯೇ ಇಲ್ಲ.

ಸಂಜೆಮಲ್ಲಿಗೆ:
ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ಹಳೇಪುಟ ಸರ್, ನಿಮ್ಮ ಮಾತೆಲ್ಲ ಜ್ಯಾಕ್ ಯಾಕೆ ಹಾಗಾದ ಅನ್ನೋದರ ಸುತ್ತಲೇ ಇದೆ. ಕಿಂಗ್‌ಗೂ ಅದೇ ಮುಖ್ಯ, ಅವರು ಆಗ ಸ್ವತಃ ಕುಡಿತದ ಜೊತೆ ಗುದ್ದಾಡ್ತಿದ್ದ ಅಪ್ಪ, ಜ್ಯಾಕ್‌ನಲ್ಲಿ ತಮ್ಮನ್ನೇ ಬರೆದುಕೊಂಡಿದ್ದೀನಿ ಅಂತ ಅವರೇ ಆಮೇಲೆ ಒಪ್ಪಿದ್ದಾರೆ. ಒಳ್ಳೇದು. ಆದರೆ ಅಂಥವನ ಮನೇಲಿ ಇರೋ ಹೆಂಗಸಿಗೆ, ಮಗುವಿಗೆ ಆ ಕಾರಣಗಳೆಲ್ಲ ಎಲ್ಲಿ ಕಾಣುತ್ತವೆ? ಅವರಿಗೆ ಕಾಣೋದು ಹುಬ್ಬು. ಇವತ್ತು ದನಿ ಹೇಗಿದೆ, ಬಾಗಿಲು ಎಷ್ಟು ಜೋರಾಗಿ ಹಾಕಿದ, ಟೈಪ್ ಮಾಡೋ ಸದ್ದು ನಿಂತಿತಾ. ಅಷ್ಟೇ. ಕುಬ್ರಿಕ್ ಸಿನಿಮಾ ಆ ಕಡೆಯಿಂದ ನೋಡಿದ ಕತೆ. ಜ್ಯಾಕ್ ಒಳಗಿಂದ ಯಾಕೆ ಕಾಣಲ್ಲ ಅಂದ್ರೆ, ಅವರಿಬ್ಬರಿಗೂ ಅವನು ಯಾವತ್ತೂ ಒಳಗಿಂದ ಕಂಡೇ ಇಲ್ಲ.

ಡಾಕ್ಟರು ಮನೆಗೆ ಬರೋ ದೃಶ್ಯ ನೆನಪಿಸಿಕೊಳ್ಳಿ. ಮಗುವಿನ ಭುಜ ಹೇಗೆ ಪೆಟ್ಟಾಯ್ತು ಅಂತ ಜ್ಯಾಕ್ ಹೆಂಡತಿ ವೆಂಡಿ ನಗುನಗುತ್ತಾ ಹೇಳ್ತಾಳೆ, ಸಿಗರೇಟಿನ ಬೂದಿ ಉದ್ದಕ್ಕೆ ಹಾಗೇ ನಿಂತಿದೆ, ಕೊಡವೋದು ಮರೆತಿದ್ದಾಳೆ. ಆವತ್ತಿಂದ ಅವರು ಕುಡಿದಿಲ್ಲ, ಐದು ತಿಂಗಳಾಯ್ತು ಅಂತಾಳೆ. ಮುಂದೆ ಜ್ಯಾಕ್ ಬಾರ್ ಕಟ್ಟೆ ಮುಂದೆ ಕೂತು ಅದೇ ಘಟನೆಗೆ ಮೂರು ವರ್ಷ ಆಯ್ತು ಅಂತಾನೆ. ಚಿತ್ರಕಥೆಯ ಎಡವಟ್ಟು ಅಂತ ಕೆಲವರು ಹಲ್ಲು ಕಿಸೀತಾರೆ. ನನಗೆ ಹಾಗನ್ನಿಸಲ್ಲ. ಆ ಮನೇಲಿ ಲೆಕ್ಕ ಇಬ್ಬರದ್ದು ಬೇರೆ ಬೇರೆ. ಮಾಡಿದವನಿಗೆ ಅದು ಯಾವತ್ತೋ ಮುಗಿದ ಮಾತು, ಅಷ್ಟೇ ಅಲ್ವಾ?

ಹಳೇಪುಟ:
ಮೇಡಂ, ಇಷ್ಟು ಗಟ್ಟಿಯಾದ ವಾದ ನಾನು ಇದುವರೆಗೆ ಕೇಳಿರಲಿಲ್ಲ. ಆದರೆ ಒಂದು ಪ್ರಶ್ನೆ. ಸಿನಿಮಾ ವೆಂಡಿ ಕಡೆಯಿಂದ ನೋಡಿದ ಕತೆಯಾದರೆ, ವೆಂಡಿಯನ್ನ ಇಷ್ಟು ಬಡಪಾಯಿ ಮಾಡಿದ್ದು ಯಾಕೆ? ಪುಸ್ತಕದ ವೆಂಡಿ ವಿಚ್ಛೇದನದ ತನಕ ಯೋಚಿಸಿದವಳು. ತನ್ನ ತಾಯಿಯ ಕೊಂಕು ನೆರಳಿಂದ ತಪ್ಪಿಸಿಕೊಳ್ಳೋಕೆ ಒದ್ದಾಡ್ತಿರೋಳು. ಪಕ್ಕೆಲುಬು ಮುರಿದರೂ ಒಂದೊಂದೇ ಮೆಟ್ಟಿಲು ತೆವಳಿ ಹತ್ತುತ್ತಾಳೆ, ಗಂಡನ ಬೆನ್ನಿಗೆ ಚಾಕು ಹಾಕ್ತಾಳೆ. ಸಿನಿಮಾದಲ್ಲಿ ಅಳೋದು, ಕಿರಚೋದು, ಓಡೋದು. ಕಿಂಗ್ ಹೆಚ್ಚು ಸಿಟ್ಟಾಗಿದ್ದೂ ಇದಕ್ಕೇ.

ಸಂಜೆಮಲ್ಲಿಗೆ:
ಸರ್, ಇನ್ನೊಂದ್ಸಲ ನೋಡಿ. ಬಾಯ್ಲರ್ ಹತ್ತಿರ ನಿಂತು ಮೀಟರು ನೋಡ್ತಾ ಇರೋದು ಯಾರು? ವೆಂಡಿ. ಅಡುಗೆ ಮಾಡೋದು, ಅರಣ್ಯ ಸಿಬ್ಬಂದಿ ಜೊತೆ ರೇಡಿಯೋದಲ್ಲಿ ಮಾತಾಡೋದು ಯಾರು? ವೆಂಡಿ. ಸಂಬಳ ಗಂಡನಿಗೆ, ದುಡಿಮೆ ಇವಳದ್ದು. ಬ್ಯಾಟ್ ಬೀಸಿ ಅವನನ್ನ ಕೆಡವೋದು, ಎಚ್ಚರ ತಪ್ಪಿದ ಅಷ್ಟು ದೊಡ್ಡ ಆಳನ್ನ ಎಳೆದುಕೊಂಡು ಹೋಗಿ ಉಗ್ರಾಣದಲ್ಲಿ ಕೂಡಿಹಾಕೋದು, ಮಗನನ್ನ ಕಿಟಕಿಯಿಂದ ಹೊರಕ್ಕೆ ತಳ್ಳೋದು, ಎಲ್ಲ ಅವಳೇ. ಅಳ್ತಾ ಅಳ್ತಾ ಮಾಡ್ತಾಳೆ, ನಿಜ. ಅಳ್ತಾ ಮಾಡಿದರೆ ಅದು ಧೈರ್ಯ ಅಲ್ವಾ? ಅಂಥ ಹೊತ್ತಲ್ಲಿ ಅಳದೆ ಇರೋರು ಸಿನಿಮಾದಲ್ಲಿ ಮಾತ್ರ ಸಿಗ್ತಾರೆ, ಈ ಸಿನಿಮಾದಲ್ಲಿ ಅದೂ ಇಲ್ಲ.

ವೆಂಡಿ ಪಾತ್ರ ಮಾಡಿದ ಶೆಲ್ಲಿ ಡುವಾಲ್‌ಗೆ ಆ ವರ್ಷದ ಕೆಟ್ಟ ನಟಿ ಅಂತ, ಕೆಟ್ಟ ಸಿನಿಮಾಗಳಿಗೆ ಅಣಕ ಪ್ರಶಸ್ತಿ ಕೊಡೋ ರ್‍ಯಾಝಿಯವರು ನಾಮನಿರ್ದೇಶನ ಬೇರೆ ಮಾಡಿದ್ದರು. ನಾಲ್ಕು ದಶಕ ಆದಮೇಲೆ, 2022ರಲ್ಲಿ, ಅದನ್ನ ವಾಪಸ್ ತಗೊಂಡರು. ಆಕೆ 2024ರಲ್ಲಿ ತೀರಿಕೊಂಡರು. ಸದ್ಯ, ಬದುಕಿದ್ದಾಗಲಾದರೂ ಆಯ್ತು.

ಕೊನೇಬೆಂಚು:
ಡುವಾಲ್ ಅಷ್ಟು ಚೆನ್ನಾಗಿ ಅತ್ತಿದ್ದಕ್ಕೆ ಸೆಟ್ಟಲ್ಲಿ ಅವರನ್ನ ನಡೆಸಿಕೊಂಡ ರೀತಿಯೂ ಕಾರಣ ಅಲ್ವಾ? ಕುಬ್ರಿಕ್ ಮಗಳು ವಿವಿಯನ್ ಚಿತ್ರೀಕರಣದ ಹೊತ್ತಲ್ಲಿ ತೆಗೆದ ಸಾಕ್ಷ್ಯಚಿತ್ರದಲ್ಲಿ, ಕುಬ್ರಿಕ್ ಎಲ್ಲರ ಮುಂದೆ ಡುವಾಲ್ ಮೇಲೆ ರೇಗೋದು ಕಾಣುತ್ತೆ. ಬ್ಯಾಟ್ ದೃಶ್ಯಕ್ಕೆ ಟೇಕ್ ಮೇಲೆ ಟೇಕ್. ಹೆಂಡತಿಯನ್ನ ಗೋಳು ಹೊಯ್ಕೊಳ್ಳೋ ಗಂಡನ ಕತೆ ಹೇಳೋಕೆ ನಟಿಯನ್ನ ಗೋಳು ಹೊಯ್ಕೊಂಡರೆ, ಅದನ್ನ ಕಲೆ ಅಂತ ತಲೆ ಮೇಲೆ ಹೊತ್ತು ಕುಣಿಯೋಕೆ ನನಗೆ ಆಗಲ್ಲ. ಸಿನಿಮಾ ಚೆನ್ನಾಗಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನೋರು ಇದ್ದಾರೆ. ನನಗೆ ಇದೆ ಅನ್ಸುತ್ತೆ.

ಸಂಜೆಮಲ್ಲಿಗೆ:
ಅದರಲ್ಲಿ ನನಗೂ ತಕರಾರಿಲ್ಲ. ಅವರ ನಟನೆಯನ್ನ ಹೊಗಳೋದು, ಆ ನಡವಳಿಕೆಯನ್ನ ಬೈಯೋದು, ಎರಡನ್ನೂ ಒಟ್ಟಿಗೇ ಮಾಡಬಹುದು.

ಮುಂಗೋಪಿ:
ನನ್ನದೂ ಒಂದು ದೂರು ಇದೆ, ಬರೆದುಕೊಳ್ಳಿ. ಹೋಟೆಲಿನ ಅಡುಗೆಯವನು ಹ್ಯಾಲರನ್. ಪಾಪ, ಫ್ಲೋರಿಡಾದಲ್ಲಿ ಹಾಯಾಗಿ ಮಲಗಿದ್ದ. ಮಗು ಮನಸ್ಸಿನಿಂದಲೇ ಕಳಿಸಿದ ಕರೆ ಕೇಳಿ ವಿಮಾನ ಹತ್ತಿ, ಕಾರು ಓಡಿಸಿ, ಹಿಮದ ಗಾಡಿ ಬೇಡಿ ತಗೊಂಡು ಬರ್ತಾನೆ. ಅರ್ಧ ಗಂಟೆಯಿಂದ ಇವನು ಬರೋದನ್ನೇ ತೋರಿಸಿ ತೋರಿಸಿ, ಒಳಗೆ ಕಾಲಿಟ್ಟ ತಕ್ಷಣ ಎದೆಗೆ ಕೊಡಲಿ! ಇದು ನಮ್ಮ ಜೊತೆ ಆಡಿದ ಆಟ. ಪುಸ್ತಕದಲ್ಲಿ ಅವನು ಬದುಕ್ತಾನೆ, ತಾಯಿ ಮಗನನ್ನ ಹೊತ್ತುಕೊಂಡು ಹೋಗಿ ಉಳಿಸ್ತಾನೆ. ಇಡೀ ಕತೇಲಿ ಒಳ್ಳೇ ಗಂಡಸು ಅಂತ ಇದ್ದಿದ್ದು ಅವನೊಬ್ಬ.

ರೀಲುಗಣ್ಣು:
ಆಟ ಆಡಬೇಕಾದದ್ದೇ. ಯಾರೋ ಬಂದು ಕಾಪಾಡುತ್ತಾರೆ ಎಂಬ ನಮ್ಮ ನಂಬಿಕೆಯನ್ನು ಆ ಕೊಡಲಿ ಕಡಿಯುತ್ತದೆ. ಅಲ್ಲಿಂದ ಮುಂದೆ ಏನು ಬೇಕಾದರೂ ಆಗಬಹುದು ಎಂದು ಪ್ರೇಕ್ಷಕನಿಗೆ ಗೊತ್ತಾಗುತ್ತದೆ. ಅವನು ತಂದ ಗಾಡಿಯಲ್ಲೇ ತಾಯಿ ಮಗ ಪಾರಾಗುತ್ತಾರೆ, ಹಾಗಾಗಿ ಬಂದದ್ದು ವ್ಯರ್ಥವೂ ಅಲ್ಲ.

ಕೊನೇಬೆಂಚು:
ಸಿನಿಮಾ ಪೂರ್ತಿ ಜ್ಯಾಕ್ ಕೈಯಲ್ಲಿ ಸಾಯೋನು ಒಬ್ಬನೇ, ಅವನು ಕಪ್ಪು ಮನುಷ್ಯ. ಬಿಳಿಯರ ಕುಟುಂಬಕ್ಕೆ ಗಾಡಿ ತಲುಪಿಸಿ ಸಾಯೋಕೆ ಅಂತ ಬಂದಂಗಾಯ್ತು. ‘ಪ್ರೇಕ್ಷಕನ ನಂಬಿಕೆ’ ಅಂತ ಅದಕ್ಕೆ ಚೆಂದದ ಹೆಸರು ಕೊಟ್ಟರೆ ವಿಷಯ ಬದಲಾಗಲ್ಲ ಸರ್. ಈ ವಿಷಯದಲ್ಲಿ ನನ್ನ ಓಟು ಪುಸ್ತಕಕ್ಕೆ.

ಹಳೇಪುಟ:
ಕೊನೆಗೆ ಬರೋಣ. ಪುಸ್ತಕದಲ್ಲಿ ಬೆಂಕಿ, ಸಿನಿಮಾದಲ್ಲಿ ಹಿಮ. ಬಾಯ್ಲರ್ ಒತ್ತಡ ದಿನಾ ಇಳಿಸಬೇಕು ಅಂತ ಕಿಂಗ್ ಶುರುವಲ್ಲೇ ಹೇಳಿರ್ತಾರೆ. ಓದ್ತಾ ಓದ್ತಾ ಅದು ಬರೀ ಯಂತ್ರವಾಗಿ ಉಳಿಯಲ್ಲ, ಜ್ಯಾಕೇ ಆ ಬಾಯ್ಲರು. ಕೊನೇಲಿ ಮಗ ಎದುರು ನಿಂತಾಗ ಕ್ಷಣಮಾತ್ರ ಅಪ್ಪನ ಮುಖ ವಾಪಸ್ ಬರುತ್ತೆ. ಓಡು, ನಾನು ನಿನ್ನನ್ನ ಎಷ್ಟು ಪ್ರೀತಿಸ್ತೀನಿ ಅನ್ನೋದು ನೆನಪಿಟ್ಟುಕೋ ಅಂತಾನೆ. ಮರುಗಳಿಗೆ ಹೋಟೆಲ್ ಅವನ ಕೈಯಲ್ಲೇ ಅವನ ಮುಖವನ್ನ ಜಜ್ಜಿಸುತ್ತೆ. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತವರು ನಾನೊಬ್ಬನೇ ಅಲ್ಲ. ಸಿನಿಮಾದಲ್ಲಿ ಅವನು ಮೃಗದ ಥರ ಊಳಿಡ್ತಾ ಹಿಮದಲ್ಲಿ ಸೆಟೆದು ಕೂರ್ತಾನೆ. ನೋಡಿ ನಗುವವರೂ ಇದ್ದಾರೆ.

ರೀಲುಗಣ್ಣು:
ಆ ಹಿಮದಲ್ಲಿ ಡ್ಯಾನಿ ಮಾಡುವುದನ್ನು ಮರೆಯಬೇಡಿ. ತನ್ನ ಹೆಜ್ಜೆ ಗುರುತಿನ ಮೇಲೇ ಹಿಂದಕ್ಕೆ ಹೆಜ್ಜೆ ಇಟ್ಟು, ಪಕ್ಕಕ್ಕೆ ಸರಿದು, ಗುರುತು ಅಳಿಸಿ ಅಡಗುತ್ತಾನೆ. ಅಪ್ಪ ಹಿಂಬಾಲಿಸಿ ಬಂದರೆ ಹೆಜ್ಜೆಗಳು ನಡುದಾರಿಯಲ್ಲೇ ಮುಗಿದಿವೆ. ಪುಸ್ತಕದಲ್ಲಿ ಮಗುವನ್ನು ಉಳಿಸುವುದು ಅಪ್ಪನ ಕೊನೆಯ ಪ್ರೀತಿ. ಸಿನಿಮಾದಲ್ಲಿ ಮಗು ತನ್ನ ಬುದ್ಧಿಯಿಂದಲೇ ಉಳಿಯುತ್ತಾನೆ. ಅಜ್ಜ ಅಪ್ಪನಿಗೆ ಕೊಟ್ಟದ್ದು, ಅಪ್ಪ ಮಗನಿಗೆ ಕೊಡಲು ಹೊರಟದ್ದು, ಆ ದಾರಿಯನ್ನು ಮಗನೇ ತುಂಡರಿಸಿದ ಹಾಗೆ. ನನಗೆ ಇದು ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಕೊಡಲಿ ಹಿಡಿದವನು ಕಡೇ ಗಳಿಗೆಯಲ್ಲಿ ಕರಗುತ್ತಾನೆ ಎಂದು ನಂಬಿ ಕೂತರೆ ಏನಾಗುತ್ತದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು.

ಹೊಸಬ:
ಇವೆಲ್ಲ ಸರಿ, ಕೊನೇಲಿ ಬರೋ 1921ರ ಫೋಟೋದಲ್ಲಿ ಜ್ಯಾಕ್ ಇರ್ತಾನಲ್ಲ, ಅದರರ್ಥ ಏನು? ಅದಕ್ಕಂತಲೇ ಬೇರೆ ಬೇರೆ ಸಿದ್ಧಾಂತ ಇವೆಯಂತೆ. ದೆವ್ವ ಇರೋ ಕೋಣೆಯ ಸಂಖ್ಯೆ 237 ಅನ್ನೋದ್ರಲ್ಲೂ ಏನೋ ಗುಟ್ಟಿದೆ ಅಂತಾರೆ.

ಮುಂಗೋಪಿ:
ಬಂತಪ್ಪ. ಆ ಸಿದ್ಧಾಂತಿಗಳನ್ನೆಲ್ಲ ಕೂರಿಸಿ 2012ರಲ್ಲಿ ಒಂದು ಸಾಕ್ಷ್ಯಚಿತ್ರವೇ ಬಂದಿದೆ. ಚಂದ್ರನ ಮೇಲೆ ಇಳಿದಿದ್ದು ಸುಳ್ಳು ಅಂತ ಕುಬ್ರಿಕ್ ಇದರಲ್ಲಿ ತಪ್ಪೊಪ್ಪಿಗೆ ಬರೆದಿದ್ದಾನೆ ಅನ್ನೋರೂ ಅದರಲ್ಲಿದ್ದಾರೆ. ಗುಡ್ಡ ಅಗೆದು ಇಲಿ ಹಿಡಿಯೋದು ಕೇಳಿದ್ದೆ, ಇವರು ಇಲಿ ಹಿಡ್ಕೊಂಡು ಅದರ ಸುತ್ತ ಗುಡ್ಡ ಕಟ್ತಾರೆ. ಪುಸ್ತಕದಲ್ಲಿ ಕೋಣೆ 217. ಸಿನಿಮಾದಲ್ಲಿ ಹೋಟೆಲಿನ ಹೊರಗಡೆ ನೋಟಕ್ಕೆ ತೋರಿಸಿದ್ದು ಒರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್. ಅಲ್ಲಿ ನಿಜವಾಗಲೂ 217 ಇತ್ತು, ಗಿರಾಕಿಗಳು ಹೆದರಿ ಆ ಕೋಣೆ ಬೇಡ ಅಂದಾರು ಅಂತ, ಅಲ್ಲಿ ಇಲ್ಲದ ನಂಬರು ಹಾಕಿ ಅಂತ ಅವರು ಕೇಳಿಕೊಂಡರು. ಗುಟ್ಟು ಇಷ್ಟೇ.

ರೀಲುಗಣ್ಣು:
ಫೋಟೋಗೆ ಒಂದೇ ಅರ್ಥ ಹುಡುಕಬೇಕಿಲ್ಲ. ಆದರೆ ಒಂದು ಗಮನಿಸಿ: ಜ್ಯಾಕ್ ದೆವ್ವಗಳ ಜೊತೆ ಮಾತಾಡುವ ಕಡೆಯೆಲ್ಲ ಹೆಚ್ಚುಕಡಿಮೆ ಒಂದು ಕನ್ನಡಿ ಇರುತ್ತದೆ. ತನ್ನ ಜೊತೆ ತಾನೇ ಮಾತಾಡುತ್ತಿದ್ದಾನೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಉಗ್ರಾಣದ ಚಿಲಕವನ್ನು ಗ್ರೇಡಿ, ಅಂದರೆ ಹೋಟೆಲ್ ಕಾಯುತ್ತಿದ್ದ ಹಿಂದಿನವನ ದೆವ್ವ, ಹೊರಗಿನಿಂದ ತೆಗೆಯುತ್ತಾನಲ್ಲ, ಅಲ್ಲಿ ಕನ್ನಡಿ ಇಲ್ಲ. ಆ ಸದ್ದಿನೊಂದಿಗೆ ಎಲ್ಲ ಮನಸ್ಸಿನ ಭ್ರಮೆ ಎಂಬ ವಾದ ಸತ್ತುಹೋಗುತ್ತದೆ. ಕಿಂಗ್ ಪುಸ್ತಕದ ದೆವ್ವವನ್ನು ಕುಬ್ರಿಕ್ ನಂಬಲಿಲ್ಲ ಎನ್ನುವವರು ಆ ಚಿಲಕಕ್ಕೆ ಉತ್ತರ ಕೊಡಲಿ.

ಮುಂಗೋಪಿ:
ಹಳೇಪುಟ ಗುರುಗಳೇ, ನಿಮಗೆ ಬೇಕಾದಂಗೆ ಪುಸ್ತಕಕ್ಕೆ ನಿಷ್ಠೆಯಿಂದ ಮಾಡಿದ್ದೂ ಒಂದಿದೆಯಲ್ಲ. 1997ರದ್ದು, ಮೂರು ಭಾಗದ ಟೀವಿ ಧಾರಾವಾಹಿ. ಚಿತ್ರಕಥೆ ಸಾಕ್ಷಾತ್ ಕಿಂಗ್ ಅವರದ್ದೇ. ಗಿಡದ ಪ್ರಾಣಿಗಳೂ ಇದ್ದಾವೆ, ಬಾಯ್ಲರೂ ಸಿಡಿಯುತ್ತೆ, ಅಕ್ಕರೆಯೂ ಇದೆ. ಎಷ್ಟು ಜನಕ್ಕೆ ನೆನಪಿದೆ?

ಹಳೇಪುಟ:
ಅದನ್ನ ತಂದು ನನ್ನ ತಲೆಗೆ ಕಟ್ಟಬೇಡಿ ಮಾರಾಯ್ರೆ. ನಾನು ಕೇಳಿದ್ದು ಪುಸ್ತಕದ ಪುಟಪುಟ ತೋರಿಸಿ ಅಂತಲ್ಲ. ಕಿಂಗ್‌ಗೆ ಆ ಕತೆ ಬರೆಯೋ ಯೋಚನೆ ಹೊಳೆದ ಕೊಲೊರಾಡೊದ ಸ್ಟ್ಯಾನ್ಲಿ ಹೋಟೆಲಲ್ಲೇ ಅದನ್ನ ಚಿತ್ರೀಕರಿಸಿದರು, ಆದರೂ ಆ ಕಟ್ಟಡಕ್ಕೆ ಜೀವ ಬರಲಿಲ್ಲ. ನನ್ನ ಆಸೆ ಸಣ್ಣದು. ಕುಬ್ರಿಕ್ ಅವರ ಅದೇ ಓಣಿ, ಅದೇ ಬೆಳಕು, ಅದೇ ಸದ್ದು ಇರಲಿ. ಮೊದಲ ಅರ್ಧ ಗಂಟೇಲಿ ಒಂದೇ ಒಂದು ಸಲ ಆ ಅಪ್ಪ ಮಗನನ್ನ ನೋಡಿ ಮನಸಾರೆ ನಗಲಿ. ಅಷ್ಟಾಗಿದ್ದರೆ ಕೊಡಲಿ ಇನ್ನೂ ಆಳಕ್ಕೆ ಇಳೀತಿತ್ತು.

ಸಂಜೆಮಲ್ಲಿಗೆ:
ಮಗನನ್ನ ತೊಡೆ ಮೇಲೆ ಕೂರಿಸಿಕೊಂಡು ಮಾತಾಡೋ ದೃಶ್ಯ ಇದೆಯಲ್ಲ ಸರ್, ಮಂಚದ ಮೇಲೆ. ನಿನಗೆ ಯಾವತ್ತೂ ನೋವು ಮಾಡಲ್ಲ ಅಂತಾನೆ. ಮಗು ಅವನ ಮುಖ ನೋಡದೆ ಕೂತಿರುತ್ತೆ. ನಿಮಗೆ ಬೇಕಾದ ಅಕ್ಕರೆ ಅಲ್ಲಿದೆ, ಆದರೆ ಅದನ್ನ ಪಡೆಯೋನ ಕಡೆಯಿಂದ ತೋರಿಸಿದ್ದಾರೆ. ಅದಕ್ಕೇ ಅಷ್ಟು ಹೆದರಿಕೆ ಆಗೋದು.

ಹೊಸಬ:
ಸಿನಿಮಾದಲ್ಲೇ ಎರಡು ಅಳತೆ ಇದೆಯಂತಲ್ಲ, ಯಾವುದು ನೋಡಲಿ?

ರೀಲುಗಣ್ಣು:
ಅಮೆರಿಕದ್ದು 144 ನಿಮಿಷ, ಯುರೋಪಿಗೆ ಕುಬ್ರಿಕ್ ಅವರೇ ಕತ್ತರಿಸಿ ಕೊಟ್ಟದ್ದು 119 ನಿಮಿಷ. ಬಿಗಿ ಬೇಕೆಂದರೆ ಚಿಕ್ಕದೇ ಸಾಕು ಎನ್ನುವವರಿದ್ದಾರೆ. ಆದರೆ ಸಂಜೆಮಲ್ಲಿಗೆ ಅವರು ಹೇಳಿದ ಡಾಕ್ಟರ ದೃಶ್ಯ ಅದರಲ್ಲಿಲ್ಲ. ಉದ್ದದ್ದನ್ನೇ ನೋಡಿ.

ಕೊನೇಬೆಂಚು:
ಅದಾದ ಮೇಲೆ ‘ಡಾಕ್ಟರ್ ಸ್ಲೀಪ್’ ಕೂಡ ನೋಡಿ. ಕಿಂಗ್ 2013ರಲ್ಲಿ ಬರೆದ ಮುಂದಿನ ಭಾಗ, 2019ರಲ್ಲಿ ಮೈಕ್ ಫ್ಲ್ಯಾನಗನ್ ಸಿನಿಮಾ ಮಾಡಿದರು. ದೊಡ್ಡವನಾದ ಡ್ಯಾನಿಯೂ ಕುಡುಕ, ಬಿಡೋಕೆ ಒದ್ದಾಡ್ತಿದ್ದಾನೆ. ಅಪ್ಪ ಕೂತಿದ್ದ ಅದೇ ಬಾರ್ ಕಟ್ಟೆ ಮುಂದೆ ಅವನೂ ಬಂದು ನಿಲ್ತಾನೆ, ಲೋಟ ಮುಂದಿದೆ, ಮುಟ್ಟಲ್ಲ. ಕೊನೇಲಿ ಬಾಯ್ಲರೂ ಸಿಡಿಯುತ್ತೆ. ಕುಬ್ರಿಕ್ ಕಟ್ಟಿದ ಹೋಟೆಲಿಗೆ ಕಿಂಗ್ ಬರೆದ ಬೆಂಕಿ ಹಚ್ಚಿದ್ದಾರೆ. ಕಿಂಗ್‌ಗೂ ಇದು ಒಪ್ಪಿಗೆಯಾಯ್ತು. ಈ ಜಗಳ ಅಲ್ಲಿಗೆ ಮುಗೀತು ಅನ್ಕೊಂಡಿದ್ದೆ.

ಹಳೇಪುಟ:
ಆ ಬಾರ್ ದೃಶ್ಯ ಚೆನ್ನಾಗಿದೆ, ಅದು ಅಪ್ಪಟ ಕಿಂಗ್. ಆದರೆ ಹಳೇ ಸಿನಿಮಾದ ಓಣಿ, ಗಂಬಳಿ, ರಕ್ತದ ಲಿಫ್ಟು ಎಲ್ಲ ಮತ್ತೆ ಕಟ್ಟಿ ತೋರಿಸೋದ್ರಲ್ಲೇ ಕೊನೆಯ ಭಾಗ ಸುಸ್ತಾಗುತ್ತೆ. ಇಬ್ಬರನ್ನೂ ಮೆಚ್ಚಿಸೋಕೆ ಹೊರಟ ಸಿನಿಮಾ ಅದು.

ಮುಂಗೋಪಿ:
ಇಬ್ಬರನ್ನೂ ಮೆಚ್ಚಿಸಿದರೂ ನಿಮ್ಮನ್ನ ಮೆಚ್ಚಿಸೋಕೆ ಆಗಲಿಲ್ಲವಲ್ಲ ಗುರು. ನನಗಂತೂ ಆ ಕೊನೆಯ ಭಾಗವೇ ಇಷ್ಟ. ಬೇಕಾದರೆ ಅದಕ್ಕೇ ಬೇರೆ ಚರ್ಚೆ ಶುರು ಮಾಡಿ, ಬರ್ತೀನಿ.